ಇನ್ನೊಂದು ಕಿವಿ

ಅಬೆವೊಕುಟ, ೧೨ ಮಾರ್ಚ್ ೧೯೧೨, ಮಂಗಳವಾರ

ಆ ಮಾತು ತಲೆಯಿಂದ ಹೋಗುತ್ತಿಲ್ಲ. ಲಾಗೋಸಿನ ಗುರುಗಳು ಕಲಿಸಿದಂತೆ ಮುಖ ಓರೆ ಮಾಡಿಸಿ ನಾನು ತೆಗೆದ ಅವಳದೇ ಫೋಟೋವನ್ನು ಇವತ್ತು ಬಟ್ಟೆ ವ್ಯಾಪಾರದ ಅಶಾಬಿ ಅಜ್ಜಿಯ ಕೈಗೆ ಕೊಟ್ಟೆ.

“ಇನ್ನೊಂದು ಕಿವಿ ಎಲ್ಲೋ?”

“ಆ ಕಡೆ ಇದೆಯಲ್ಲಜ್ಜೀ.”

ಅಜ್ಜಿ ಫೋಟೋದ ಬೆನ್ನು ತಿರುಗಿಸಿ ನೋಡಿದಳು. “ಇಲ್ಲೂ ಇಲ್ವಲ್ಲೋ! ನಾನು ಸತ್ಮೇಲೆ ಮನೇಲಿ ಇದೇ ತಾನೆ ಇರೋದು? ಮರಿಮಕ್ಕಳು ನನ್ನ ಒಂಟಿಕಿವಿ ಮುದುಕಿ ಅಂದ್ಕೋಬೇಕಾ?”

ಸ್ಟುಡಿಯೋದಲ್ಲಿದ್ದವರೆಲ್ಲ ನಕ್ಕರು. ಉರಿದುಕೊಂಡೇ ಮನೆಗೆ ಬಂದೆ.

ಗೋಡೆಯ ಮೇಲೆ ಅಪ್ಪನ ಫೋಟೋ. ಅದೂ ಗುರುಗಳು ಓರೆಯಾಗಿ ತೆಗೆದದ್ದೇ. ಅಪ್ಪನ ಎಡಗಿವಿ ಹರಿದಿತ್ತು. ಚಿಕ್ಕಂದಿನಲ್ಲಿ ಅದನ್ನು ಹಿಡಿದುಕೊಂಡೇ ಮಲಗುತ್ತಿದ್ದೆ. ಫೋಟೋದಲ್ಲಿರುವುದು ಬಲಗಿವಿ. ಎಡಗಿವಿ ಹೇಗಿತ್ತೆಂದು ಎಷ್ಟು ನೆನೆದರೂ ಕಣ್ಣ ಮುಂದೆ ಬರುತ್ತಿಲ್ಲ.

ನಾಳೆ ಅಜ್ಜಿಯನ್ನು ನೇರವಾಗಿ ಕೂರಿಸಿಯೇ ತೆಗೆಯುತ್ತೇನೆ. ಗುರುಗಳು ಬೈದರೆ ಬೈಯಲಿ. ಅವಳ ಮರಿಮಕ್ಕಳು ಹೀಗೆ ಗೋಡೆ ನೋಡುತ್ತ ಕೂರಬಾರದು.