ಬಹುಕಾಲ ಬಾಳುವ ಚಾಕು

ಚನ್ನಗಿರಿ
೯ನೇ ಮಾರ್ಚಿ ೧೯೪೬, ಶನಿವಾರ, ಇನ್ನೂ ಬೆಳಕು ಹರಿದಿಲ್ಲ

ಪ್ರೀತಿಯ ಸಾವಂತ್ರಿ,

ಗೋಡೆ ಗಡಿಯಾರ ಆಗಷ್ಟೇ ಎರಡು ಹೊಡೆದಿತ್ತು. ತಗಡಿನ ಡಬ್ಬಿಯೊಂದು ನೆಲಕ್ಕೆ ಬಿದ್ದು, ಉರುಳಿ, ತೊಟ್ಟಿಲ ಕಾಲಿಗೆ ಬಡಿದ ಸದ್ದಿಗೆ ಎಚ್ಚರವಾಯಿತು. ಎಚ್ಚರ ಎನ್ನುವುದೂ ಸುಳ್ಳೇ, ಮಗು ಹುಟ್ಟಿದಾಗಿನಿಂದ ನನಗೆ ನಿದ್ದೆ ಎಲ್ಲಿಯದು. ಬೆಕ್ಕು ಕಿಟಕಿಯಿಂದ ಕೆಡವಿದ ಆ ಡಬ್ಬಿ ನಮ್ಮ ಮನೆಯಲ್ಲಿ ಇರಬಾರದಿತ್ತು. ಅಣ್ಣನ ಜೊತೆ ಜಗಳೂರಿಗೆ ಹೋಗಬೇಕಿತ್ತು.

ಅದಕ್ಕೇ ಈ ಅಪರಾತ್ರಿಯಲ್ಲಿ ದುರುಗಕ್ಕನ ಕೈಗೆ ಲಾಂದ್ರ ಕೊಟ್ಟು ನಿನ್ನ ಬಾಗಿಲು ಬಡಿಸುತ್ತಿದ್ದೇನೆ. ನಿಮ್ಮ ಯಜಮಾನರು ಪೋಸ್ಟ್ ಮಾಸ್ತರರು, ಟೆಲಿಫೋನು ನೀವು ಮಲಗುವ ಗೋಡೆಯ ಆಚೆಗೇ ಇದೆ. ನಾನೇ ಬರೋಣವೆಂದರೆ ಬಾಣಂತಿ ಹೊಸಿಲು ದಾಟಿದಳೆಂದು ಅವ್ವ ಓಣಿಯನ್ನೆಲ್ಲ ಎಬ್ಬಿಸುತ್ತಾಳೆ.

ಸೋಮವಾರ ನನ್ನ ಗಂಡನಿಗೆ ಎರಡನೇ ಲಗ್ನ. ನೀನು ಕೇಳಿರಬೇಕು, ಕೇಳಿಯೂ ಕೇಳದವಳ ಹಾಗೆ ಮಗುವಿಗೆ ಕುಲಾವಿ ಹೆಣೆದು ಕಳಿಸಿದೆ. ಇಷ್ಟು ದಿನ ‘ನಮ್ಮವರು’ ಎಂದು ಬರೆಯುತ್ತಿದ್ದೆ, ಈಗ ಹೆಸರು ಹಿಡಿದೇ ಬರೆಯುತ್ತೇನೆ: ಮಲ್ಲೇಶಪ್ಪ. ಮಗಳು ಹುಟ್ಟಿದಳೆಂದು ಹೇಳಿ ಕಳಿಸಿದರೆ ತೊಟ್ಟಿಲಿಗೆ ಹಾಕುವ ದಿನವೂ ಅವನು ಬರಲಿಲ್ಲ. ಬದಲಿಗೆ ಕಾರ್ಡು ಬಂತು. ಅವನ ತಾಯಿ ತಮ್ಮ ಸ್ವಂತ ಅಣ್ಣನ ಮಗಳನ್ನು ಅವನಿಗೆ ಗೊತ್ತು ಮಾಡಿದ್ದಾರಂತೆ, ‘ನೀನು ಓದಿದವಳು, ಅರ್ಥ ಮಾಡಿಕೊಳ್ಳುತ್ತೀ.’ ಮೈಸೂರಿನಲ್ಲಿ ನಾವಿಬ್ಬರೂ ಒಂದೇ ದೀಪಕ್ಕೆ ಕೂತು ಓದಿದ್ದು ಇದನ್ನು ಅರ್ಥ ಮಾಡಿಕೊಳ್ಳಲಿಕ್ಕೇನೆ ಸಾವಂತ್ರಿ?

ಅತ್ತೆನೆಂದು ತಿಳಿಯಬೇಡ. ಉಡುಗೊರೆ ಏನು ಕಳಿಸಲಿ ಎಂದು ಯೋಚಿಸಿದೆ.

ಅವನು ಜಗಳೂರಿನ ಶೇಂಗಾ ಮಿಲ್ಲಿನ ಗುಮಾಸ್ತ. ದಿನವಿಡೀ ಚೀಲದ ಹೊಲಿಗೆ ಸೀಳಿ ಕಾಳು ನೋಡುವುದು, ಪೆನ್ಸಿಲು ಹೆರೆಯುವುದು, ಊಟವಾದ ಮೇಲೆ ಅಡಿಕೆ ಕೆತ್ತುವುದು. ಜೇಬಿನಲ್ಲಿ ಮಡಚುವ ಚಾಕು ಇಲ್ಲದೆ ಅವನಿಗೆ ಹೊತ್ತು ಹೋಗದು, ಆದರೆ ಒಂದು ಚಾಕೂ ಅವನ ಹತ್ತಿರ ಬಾಳಿದ್ದಿಲ್ಲ. ಇನ್ನೊಂದು ಸಂಗತಿಯೂ ನನಗೆ ಗೊತ್ತು. ಉಪ್ಪು, ಮೆಣಸಿನಕಾಯಿ, ಚಾಕು ಇವನ್ನು ಅವನು ಯಾರ ಕೈಯಿಂದಲೂ ನೇರ ತೆಗೆದುಕೊಳ್ಳುವವನಲ್ಲ. ನೆಲಕ್ಕಿಡಬೇಕು, ಅವನು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಸಂಬಂಧ ಕಡಿಯುತ್ತದೆಂಬ ಭಯ. ಮದುವೆಯಾದ ಹೊಸದರಲ್ಲಿ ನಾನು ಮರೆತು ಈಳಿಗೆಯ ಪಕ್ಕದ ಚಾಕು ಎತ್ತಿ ಅವನ ಕೈಗಿಟ್ಟಾಗ ಕೆಂಡ ಮುಟ್ಟಿದವನಂತೆ ಕೊಡವಿದ್ದ. ನನಗೆ ನಂಬಿಕೆಯಿಲ್ಲ. ಅವನಿಗಿದೆಯಲ್ಲ, ಅಷ್ಟು ಸಾಕು.

ಹಾಗಾಗಿ, ತುಂಬಿದ ಚಪ್ಪರದಲ್ಲಿ ಹಿರಿಯರೆದುರಿಗೆ ಅಣ್ಣ ಅವನ ಅಂಗೈಗೇ ಚಾಕು ಇಡಬೇಕು, ‘ಬಂಗಾರಿ ಕೊಟ್ಟಾಳೆ’ ಎನ್ನಬೇಕು. ಬಿಟ್ಟವನು ತಾನಲ್ಲ, ಕಡಿದವಳು ನಾನು ಎಂದು ಅವನಿಗೆ ತಿಳಿಯಬೇಕು. ಆ ಚಾಕು ಬೇಗ ಮುರಿಯಲೂಬಾರದು. ಮುರಿದರೆ ಬಿಸಾಡಿ ಮರೆಯುತ್ತಾನೆ. ತಲೆ ನೆರೆಯುವ ತನಕ ಅದು ಅವನ ಜೇಬಿನಲ್ಲಿರಬೇಕು, ಅಡಿಕೆ ಕೆತ್ತಿದಾಗಲೆಲ್ಲ ನಾನು ನೆನಪಾಗಬೇಕು.

ನಮ್ಮಣ್ಣ ಬೀರಲಿಂಗಪ್ಪ ಕಂಬಳಿ ಹೊತ್ತು ಸಂತೆ ಸಂತೆ ತಿರುಗುವವನು. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಬೇಕು, ಗಟ್ಟಿ ಚಾಕು ಹುಡುಕಿ ತಾ ಎಂದೆ. ಅವ್ವನಿಗೂ ಅದೇ ಹೇಳಿದೆ. ಅಣ್ಣ ಮೊದಲು ವಿಲಾಯಿತಿಯದೊಂದು ತಂದ. ಕೊಂಬಿನ ಹಿಡಿ, ಮೂರು ಅಲಗು, ನೋಡಲಿಕ್ಕೆ ಸೊಗಸು. ಬೆಲೆ ಕೇಳಿ ವಾಪಸು ಕಳಿಸಿದೆ, ನನ್ನನ್ನು ಬಿಟ್ಟವನಿಗೆ ಅಷ್ಟೇಕೆ ಸುರಿಯಲಿ. ನ್ಯಾಮತಿ ಸಂತೆಯಿಂದ ಸಿಪಾಯಿಗಳು ಇಟ್ಟುಕೊಳ್ಳುವಂಥದು ಬಂತು. ಗಟ್ಟಿಮುಟ್ಟಾಗಿತ್ತು, ಆದರೆ ಅಂಗಿಯ ಜೇಬು ಜೋತುಬೀಳುವಷ್ಟು ಭಾರ. ಮಲ್ಲೇಶಪ್ಪನಾದರೆ ಅದನ್ನು ಮೇಜಿನ ಮೇಲೆ ಬಿಟ್ಟು ಓಡಾಡುತ್ತಾನೆ. ಕೊನೆಗೆ ಹೊನ್ನಾಳಿಯಲ್ಲಿ ಹಳೇ ಮೋಟಾರಿನ ಉಕ್ಕಿನ ಪಟ್ಟಿ ಕಾಸಿ ಮಾಡಿದ್ದೊಂದು ಸಿಕ್ಕಿತು. ಒಂದೇ ಅಲಗು, ಜಾಲಿ ಮರದ ಹಿಡಿ, ಹಿತ್ತಾಳೆ ಮೊಳೆ. ಒಣಕೊಬ್ಬರಿ ಹೆಚ್ಚಿದೆ, ತೊಟ್ಟಿಲ ಹಳೇ ಹಗ್ಗ ಕೊಯ್ದೆ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ತುಕ್ಕು ಹಿಡಿಯುತ್ತದೋ ನೋಡಿದೆ. ಹಿಡಿ ಅಲುಗಾಡಲಿಲ್ಲ. ಸ್ಪ್ರಿಂಗು ಬಿಗಿ ಇತ್ತು, ಮಡಚಿದರೆ ಟಕ್ಕೆಂದು ಕೂರುತ್ತಿತ್ತು. ಅವ್ವ ಗೊಣಗಿದಳು, ‘ದಿಂಬಿನ ಕೆಳಗೆ ಇರಾಕೆ ತಂದದ್ದವ್ವ ಅದು, ಹೊತ್ತು ಗೊತ್ತಿಲ್ದಂಗೆ ಟಕ್ ಟಕ್ ಅನ್ಸಾಕಲ್ಲ.’ ಅಣ್ಣ ಮಾತ್ರ ಬಾಗಿಲಲ್ಲಿ ನಿಂತು ನೋಡಿದ. ಯಾರಿಗೆಂದು ಅವನಿಗೆ ಆಗಲೇ ಹೊಳೆದಿತ್ತು.

ಅಣ್ಣನಿಗೆ ಎಲ್ಲ ಬಿಡಿಸಿ ಹೇಳಿದೆ. ಚಾಕುವನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ತೋರಿಸಿದೆ. ನಿನ್ನೆ ಸಂಜೆಯ ಬಸ್ಸಿಗೆ ಅವನು ದಾವಣಗೆರೆಗೆ ಹೊರಟ. ಸೋಮವಾರದ ಲಗ್ನಕ್ಕೆ ಶುಕ್ರವಾರವೇ ಏಕೆ ಎಂದರೆ, ‘ಕಂಬಳಿ ಯಾಪಾರ ಐತೆ’ ಎಂದ. ನಂಬಿದೆ.

ಈಗ ನೋಡಿದರೆ ಡಬ್ಬಿ ಇಲ್ಲೇ ಇದೆ, ಅರಿಶಿನದ ಬಟ್ಟೆ ಅದರೊಳಗೇ ಇದೆ. ಚಾಕು ಮಾತ್ರ ಇಲ್ಲ. ಮಗುವಿಗೆ ನೀರು ಹಾಕುವ ದುರುಗಕ್ಕ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಅವಳನ್ನು ಎಬ್ಬಿಸಿ ಕೇಳಿದೆ. ಕಣ್ಣುಜ್ಜಿಕೊಂಡು ಅವಳು ಹೇಳಿದ್ದು ಇಷ್ಟು: ‘ನಿನ್ನೆ ಬಸ್ಸಿಗೆ ಹೊಂಟಾಗ ನಿಮ್ಮಣ್ಣ ಬಟ್ಟೆ ಒಗೆಯೋ ಕಲ್ಲಿನ ಮ್ಯಾಲೆ ಚಾಕು ಮಸೀತಿದ್ನವ್ವ. ಅಡಿಕೆ ಕೆತ್ತಾಕೆ ಇಷ್ಟು ಸಾಣೆ ಯಾಕಪ್ಪಾ ಅಂದೆ. ಅಡಿಕೆ ಬಲು ಗಟ್ಟಿ ಐತೆ ದುರುಗಕ್ಕ ಅಂದ. ನಗಲಿಲ್ಲ.’

ಉಡುಗೊರೆ ಕೊಡುವವನು ಬಟ್ಟೆ ಬಿಚ್ಚಿ, ಡಬ್ಬಿ ಬಿಟ್ಟು, ಅಲಗು ಮಸೆದುಕೊಂಡು ಹೋಗುತ್ತಾನೆಯೇ?

ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡ, ಎಳ್ಳಷ್ಟೂ ಇಳಿದಿಲ್ಲ. ಮಲ್ಲೇಶಪ್ಪ ಬದುಕಿರಬೇಕು. ಸತ್ತವನಿಗೆ ನೆನಪು ಎಲ್ಲಿಯದು? ಅವನು ಸತ್ತರೆ ನಾಳೆ ಊರೆಲ್ಲ ಅವನಿಗಾಗಿ ಅಳುತ್ತದೆ, ನಮ್ಮಣ್ಣನ ಕೊರಳಿಗೆ ನೇಣು ಬೀಳುತ್ತದೆ. ನನ್ನ ಮಗಳಿಗೆ ಅಪ್ಪನೂ ಇಲ್ಲ, ಮಾವನೂ ಇಲ್ಲ. ಆ ಸೇಡು ನನ್ನದಲ್ಲ.

ಅಣ್ಣ ಈ ರಾತ್ರಿ ದಾವಣಗೆರೆಯ ಛತ್ರದಲ್ಲಿ ಮಲಗಿರುತ್ತಾನೆ, ಬೆಳಗಿನ ಮೊದಲ ಬಸ್ಸಿಗೆ ಜಗಳೂರು. ಮಿಲ್ಲಿನಲ್ಲಿ ಟೆಲಿಫೋನು ಇದೆ, ಕಾವಲುಗಾರ ಅದರ ಕೆಳಗೇ ಮಲಗುತ್ತಾನೆ. ಗುಮಾಸ್ತರ ಮನೆ ಮಿಲ್ಲಿನ ಹಿಂದೆಯೇ. ಬಸ್ಸು ಬರುವ ಮೊದಲು ಕಾವಲುಗಾರ ಮಲ್ಲೇಶಪ್ಪನನ್ನು ಎಬ್ಬಿಸಿ ಬೇರೆ ಕಡೆ ಕಳಿಸಲಿ, ಬೀರಲಿಂಗಪ್ಪ ಬಂದರೆ ಗೇಟು ತೆಗೆಯದಿರಲಿ. ಕಾರಣ ಕೇಳಿದರೆ ನನ್ನ ಹೆಸರು ಹೇಳು, ಮಲ್ಲೇಶಪ್ಪ ನಂಬುತ್ತಾನೆ. ನಿಮ್ಮ ಯಜಮಾನರು ರೇಗಿದರೆ ನಾನು ಕಾಲಿಗೆ ಬೀಳುತ್ತೇನೆಂದು ಹೇಳು. ಲೈನು ಸಿಗದಿದ್ದರೆ ಮತ್ತೆ ಮತ್ತೆ ಮಾಡಿಸು. ಬೆಳಗಾಗುವ ಮೊದಲು ಟೆಲಿಫೋನು ಮಾಡಿಸು ಸಾವಂತ್ರಿ, ನಿನಗೆ ಕೈ ಮುಗಿಯುತ್ತೇನೆ.

ನಿನ್ನ
ಬಂಗಾರಿ

ತಾ.ಕ.: ನಿನ್ನಲ್ಲಿ ಮುಚ್ಚಿಡಲಾರೆ, ಡಬ್ಬಿ ಇಲ್ಲೇ ಉಳಿದದ್ದು ಈಗಷ್ಟೇ ತಿಳಿಯಿತೆಂದು ಮೇಲೆ ಬರೆದದ್ದು ಸುಳ್ಳು. ಹೊರಡುವಾಗ ಅಣ್ಣ ಡಬ್ಬಿ ತೆಗೆದುಕೊಳ್ಳಲಿಲ್ಲ, ನನ್ನೆದುರಿಗೇ ಬಟ್ಟೆ ಬಿಚ್ಚಿ ಕೈಚಾಚಿದ. ಚಾಕುವನ್ನು ನೆಲಕ್ಕಿಡದೆ ನಾನೇ ಅವನ ಅಂಗೈಗೆ ಇಟ್ಟೆ. ‘ಬರೇ ಕೊಟ್ಟು ಬರ್ಲೇನವ್ವ?’ ಎಂದು ಕೇಳಿದ. ನಾನು ಮಗುವಿಗೆ ಹಾಲು ಕುಡಿಸುತ್ತಿದ್ದೆ. ತಲೆ ಎತ್ತಲಿಲ್ಲ, ಹೂಂ ಎನ್ನಲೂ ಇಲ್ಲ. ಅವನು ಬಾಗಿಲಲ್ಲಿ ಬಹಳ ಹೊತ್ತು ಕಾದು ನಿಂತಿದ್ದ.