ಗುರುಶಾಂತಪ್ಪನವರ ಮನೆಯ ಅರ್ಥಿಂಗ್

ಹಾವೇರಿ, ಕ್ರಿ.ಶ. 2213
ಎರಡನೆಯ ಭಾದ್ರಪದದ ಮೂವತ್ತನಾಲ್ಕನೇ ದಿನ

ಗುರುಶಾಂತಪ್ಪನವರೇ,

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಅಷ್ಟಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ. ಮುಂದೆ ಬರುವ ಬೈಗುಳಕ್ಕೆ ಕೇಳುವುದಿಲ್ಲ.

ನೀವೀಗ ಕಟ್ಟಿಸುತ್ತಿರುವ ಮನೆ ನಮ್ಮ ಕಾಲದಲ್ಲೂ ನಿಂತಿದೆ. ನಗಬೇಡಿ, ಅದನ್ನು ಪಾರಂಪರಿಕ ಕಟ್ಟಡವೆಂದು ಘೋಷಿಸಿದ್ದಾರೆ. ಅದರ ಗೋಡೆಗೆ ಒಂದು ಮೊಳೆ ಹೊಡೆದರೂ ಜೈಲು.

ನಮ್ಮಲ್ಲಿ ಮನೆಗಳ ವಿದ್ಯುತ್ ಕೆಲಸ ಕಲಿಯಲು ಏಳು ವರ್ಷ ಬೇಕು. ಮೊದಲೆರಡು ವರ್ಷ ಬರೀ ಮಣ್ಣಿನ ಪಾಠ: ಅರ್ಥಿಂಗ್ ಗುಂಡಿ ತೋಡುವುದು, ಇದ್ದಿಲು ಉಪ್ಪು ತುಂಬುವುದು, ಬೇಸಿಗೆಯಲ್ಲಿ ನೀರು ಹೊಯ್ಯುವುದು. ಆಮೇಲೆ ಐದು ವರ್ಷ ಹಿರಿಯರೊಬ್ಬರ ಜೊತೆ ಮನೆಮನೆ ತಿರುಗಬೇಕು. ಕೊನೆಯದು ಕೈಸಾಕ್ಷಿ. ಚೀಟಿ ಎತ್ತಿ ಒಂದು ಮನೆ ಕೊಡುತ್ತಾರೆ. ಅದನ್ನು ಪರಿಶೀಲಿಸಿದ ಮೇಲೆ ಅಲ್ಲಿನ ಅಡುಗೆಮನೆಯ ಗ್ರೈಂಡರಿನ ಕಬ್ಬಿಣದ ಮೈಗೆ ಬೇಕೆಂದೇ ಕರೆಂಟು ಸೋರಿಸಿ, ಊರವರೆದುರು ಅದರ ಮೇಲೆ ಬರಿಗೈ ಇಡಬೇಕು. ಅರ್ಥಿಂಗ್ ಸರಿಯಿದ್ದರೆ ಕರೆಂಟು ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ಕೈಯ ಮೂಲಕ ಇಳಿಯುತ್ತದೆ. ನಿಮ್ಮ ಸೊಸೆ ಆ ಹೊಸ ಮನೆಯ ಅಡುಗೆಮನೆಯಲ್ಲಿ ದಿನಾ ಕೊಡಲಿರುವ ಪರೀಕ್ಷೆಯೇ ಇದು. ನಮ್ಮಲ್ಲಿ ಅದನ್ನು ಕೆಲಸದವರು ಕೊಡುತ್ತಾರೆ.

ನೀವೋ, ಐಟಿಐಯಲ್ಲಿ ಓದಿ ಪರವಾನಗಿ ಪಡೆದವನನ್ನು ಬಿಟ್ಟು, ಯಾರದೋ ಮನೆಯಲ್ಲಿ ಮೂರು ತಿಂಗಳು ಏಣಿ ಹಿಡಿದು ನಿಂತಿದ್ದ ಫಕೀರೇಶನನ್ನು ಕರೆಸಿದಿರಿ. ಒಂದು ಹಲ್ಲು ಕೀಳಿಸಬೇಕಾದರೆ ಡಾಕ್ಟರು ಎಲ್ಲಿ ಓದಿದ್ದಾರೆಂದು ಹತ್ತು ಜನರನ್ನು ಕೇಳುವ ನಿಮಗೆ, ಗೋಡೆಯೊಳಗೆ ಸಾವನ್ನು ಹರಿಸಲು ಯಾರಾದರೂ ಸಾಕು.

ನಿಮ್ಮ ಫೋನುಗಳ ಧ್ವನಿ ಸಂದೇಶಗಳು ನಮ್ಮ ದಾಖಲೆಮನೆಯಲ್ಲಿ ಭದ್ರವಾಗಿವೆ. ಅರ್ಥಿಂಗಿನ ಹಸಿರು ವೈರು ಹಿಡಿದು ಫಕೀರೇಶ ಕೇಳುತ್ತಾನೆ, ಪಾಪ: "ಸಾವ್ಕಾರ್ರ, ಈ ಹಸರ ವೈರ್ ಎಲ್ಲಿಗಿ ಕೊಡ್ಲ್ರಿ? ಗುಂಡಿನ ತೋಡಿಲ್ಲಲ್ರಿ." ನಿಮ್ಮ ಉತ್ತರ: "ಅಂಗಳದ ಟೈಲ್ಸ್ ಕೀಳಸ್ತೀಯೇನಲೇ? ಗ್ವಾಡ್ಯಾಗ ತುರುಕಿ ಮುಚ್ಚಿ ಬಿಡು. ಲೈಟ್ ಹತ್ತತಾವಿಲ್ಲೋ?" ಕರೆಂಟು ಸಂಪರ್ಕದ ಕಾಗದಕ್ಕೆ ಸಹಿ ಹಾಕಲು ನೀವು ಹುಡುಕಿದ ಲೈಸೆನ್ಸುದಾರ ನಿಮಗೂ ಮೀರಿದವನು: "ಮನಿ ಬಂದು ನೋಡೂದೇನೈತ್ರಿ? ಎಲ್ಲಾ ಮನಿಗೂ ನಾಕ ಗ್ವಾಡಿನ ಇರ್ತಾವ. ಕಾಗದ ಕಳಸ್ರಿ."

ಆ ಕಾಗದದಲ್ಲಿ 'ಅರ್ಥಿಂಗ್ ಸರಿಯಿದೆ' ಎಂದಿದೆ. ಸಹಿ, ಮೊಹರು ಎರಡೂ ಸ್ಪಷ್ಟವಾಗಿವೆ.

ನನ್ನ ಮೊಮ್ಮಗಳು ನೀಲಾಂಬಿಕೆಗೆ ಚೀಟಿಯಲ್ಲಿ ಬಂದದ್ದು ನಿಮ್ಮ ಮನೆ. ಅವಳ ಮೀಟರಿನ ಮುಳ್ಳು ಅಲುಗಲಿಲ್ಲ. ಅರ್ಥಿಂಗ್ ಸತ್ತಿದೆ ಎಂದು ಬರೆದುಕೊಟ್ಟಳು. ಪರೀಕ್ಷಕರು ಹಳೆಯ ಕಾಗದ ತೆಗೆದು, ದಾಖಲೆ ಸರಿ, ಹುಡುಗಿಯ ಅಳತೆ ತಪ್ಪು ಎಂದರು. ನಿಮ್ಮ ಧ್ವನಿ ಸಂದೇಶಗಳನ್ನು ನಾನೇ ಒಯ್ದು ಕೇಳಿಸಿದೆ. ಧ್ವನಿಗೆ ಮೊಹರಿಲ್ಲವಂತೆ. ಗೋಡೆ ಬಿಚ್ಚಿ ನೋಡೋಣವೆಂದರೆ ಪಾರಂಪರಿಕ. ಮೂರ್ಖತನ ನಿಮ್ಮಲ್ಲೇ ಮುಗಿದುಹೋಯಿತೆಂದು ನಾನು ಹೇಳುತ್ತಿಲ್ಲ. ನೀವು ಕೂಡಿಟ್ಟ ಆಸ್ತಿಯಲ್ಲಿ ನಮ್ಮವರು ಜೋಪಾನ ಮಾಡಿದ್ದು ಅದೊಂದನ್ನೇ.

ನಾಳೆ ಹನ್ನೊಂದು ಗಂಟೆಗೆ ಅವಳು ಆ ಗ್ರೈಂಡರಿನ ಮೇಲೆ ಕೈ ಇಡಬೇಕು, ಇಲ್ಲವೇ ಏಳು ವರ್ಷದ ಕಲಿಕೆ ಬಿಟ್ಟುಕೊಡಬೇಕು. "ಮೀಟರ್ ಸುಳ್ಳ ಹೇಳೂದಿಲ್ಲಜ್ಜಿ, ನಾ ಕೈ ಇಡಂಗಿಲ್ಲ" ಎಂದು ನಿನ್ನೆ ಹೇಳಿದಳು. ಇವತ್ತು ಬೆಳಿಗ್ಗೆ ಮೀಟರನ್ನು ಪೆಟ್ಟಿಗೆಗೆ ಹಾಕಿಟ್ಟಳು. ಹಟದ ಹುಡುಗಿ. ಹಟಕ್ಕೆ ಬಿದ್ದು ಕೈ ಇಟ್ಟುಬಿಟ್ಟಾಳೆಂದೇ ನನಗೆ ಹೆದರಿಕೆ.

ಈ ಪತ್ರ ನಿಮ್ಮ ಕೈ ಸೇರುವಾಗ ನಿಮ್ಮ ಗೋಡೆಗೆ ಗಾರೆ ಬೀಳಲು ಇನ್ನೂ ಎರಡು ದಿನವಿರುತ್ತದೆ. ಆ ವೈರು ಇನ್ನೂ ಕೈಗೆ ಸಿಗುವಂತಿದೆ. ಎರಡು ಟೈಲ್ಸ್ ಕೀಳಿಸಿ, ಕಲಿತವರನ್ನು ಕರೆಸಿ, ಗುಂಡಿ ತೋಡಿಸಿ, ಅದನ್ನು ನೆಲಕ್ಕೆ ಮುಟ್ಟಿಸಿ. ಫಕೀರೇಶನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನಿಮ್ಮ ಮೂವರಲ್ಲಿ ತನಗೆ ಗೊತ್ತಿಲ್ಲದ್ದನ್ನು ಕೇಳಿದವನು ಅವನೊಬ್ಬನೇ.

ನಾಳೆ ಅವಳ ಜೊತೆ ನಾನೂ ಹೋಗಿ ಮತ್ತೊಮ್ಮೆ ಅಳೆಸುತ್ತೇನೆ. ಮುಳ್ಳು ಅಲುಗದಿದ್ದರೆ ಅವಳ ಎರಡೂ ಕೈ ಹಿಡಿದು, ಊರವರ ಮುಂದೆಯೇ ಮನೆಗೆ ಕರೆತರುತ್ತೇನೆ. ಏಳು ವರ್ಷ ನಿಮ್ಮ ಅಂಗಳದ ಪಾಲಾಯಿತು ಎಂದುಕೊಳ್ಳುತ್ತೇನೆ.

ಅನ್ನಪೂರ್ಣಾ ಕಬ್ಬೂರ