ನಿನ್ನ ಎದೆಗೆ ಕಿವಿಯಿಟ್ಟವನು

ಆಗಸ್ಟ್ ೯, ಭಾನುವಾರ

ಪ್ರೀತಿಯ ಗೂಳಿ,

ಹೇಗಿದ್ದೀಯೋ? ಅತ್ತಿಗೆ, ಮಗಳು ಎಲ್ಲ ಸೌಖ್ಯವೆಂದುಕೊಂಡಿದ್ದೇನೆ. ವರ್ಷ ಕಳೆದ ಮೇಲೆ ಬರೆಯುತ್ತಿದ್ದಾನಲ್ಲ ಎಂದು ಬೈದುಕೊಳ್ಳಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಬರೆದರೆ ಹರಿದುಹಾಕುತ್ತೀಯೇನೋ ಎಂದು ಸುಮ್ಮನಿದ್ದೆ. ನನ್ನ ಅಕ್ಷರ ಔಷಧಿ ಅಂಗಡಿಯವನನ್ನು ಬಿಟ್ಟು ಇನ್ನಾರಿಗೂ ಓದಲು ಬಾರದೆಂದು ನಗುತ್ತಿದ್ದೆಯಲ್ಲ, ಇವತ್ತು ಗುಂಡಗೆ ಬರೆಯುತ್ತಿದ್ದೇನೆ.

ಹೊಸ ತಂಡಕ್ಕೆ ನೀನು ಹೊಡೆದ ಎರಡು ಗೋಲುಗಳನ್ನು ಆಸ್ಪತ್ರೆಯ ಟೀವಿಯಲ್ಲಿ ನೋಡಿದೆ. ಹೌದು, ಫುಟ್‌ಬಾಲ್ ಬಿಟ್ಟೆ, ಈಗ ಪೂರ್ತಿ ಆಸ್ಪತ್ರೆಯವನೇ. ಮೂಳೆ ವಿಭಾಗದಲ್ಲಿ ಕೆಲಸ. ಪ್ಲಾಸ್ಟರಿನ ಪುಡಿ ಕೂದಲಿಗೆ ಮೆತ್ತಿಕೊಂಡೇ ಮನೆಗೆ ಬರುತ್ತೇನೆ. ಚೆಂಡಾಡುತ್ತಿದ್ದವನ ಕೈಗೆ ನನ್ನ ಕಾಲು ಕೊಡಬೇಕೇ ಎಂದು ಮೊನ್ನೆ ಒಬ್ಬ ಅಜ್ಜಿ ನರ್ಸಿನ ಹತ್ತಿರ ತಕರಾರು ತೆಗೆದಳು. ಮೈದಾನದಲ್ಲಿ ಡಾಕ್ಟರು, ಆಸ್ಪತ್ರೆಯಲ್ಲಿ ಆಟಗಾರ. ತಂಡದ ಬಸ್ಸಿನಲ್ಲಿ ನಾನು ಎಲುಬುಗಳ ಹೆಸರು ಬಾಯಿಪಾಠ ಮಾಡುವಾಗ ಪುಸ್ತಕ ಹಿಡಿದು ಪರೀಕ್ಷೆ ಮಾಡುತ್ತಿದ್ದವನು ನೀನೇ.

ಆಮೇಲೆ ನಡೆದದ್ದನ್ನು ನೀನು ಊರಿಗೆಲ್ಲ ನಿನ್ನ ರೀತಿಯಲ್ಲಿ ಹೇಳಿದ್ದೀಯ. ಒಮ್ಮೆ ನನ್ನ ಬಾಯಿಂದಲೂ ಕೇಳು.

ಅವತ್ತು ಅಭ್ಯಾಸ ಮುಗಿಸಿ ಬಟ್ಟೆ ಬದಲಿಸುವ ಕೋಣೆಗೆ ಬಂದ ನೀನು ಗೋಡೆಗೆ ಒರಗಿ ಹಾಗೇ ಜಾರಿ ಕುಳಿತೆ. ತುಟಿ ಬಿಳಚಿಕೊಂಡಿತ್ತು. ತಿಂದದ್ದು ಅರಗಿಲ್ಲ ಎಂದೆ. ನಾನು ಸ್ಟೆತಾಸ್ಕೋಪ್ ತೆಗೆದು ಎದೆಗಿಟ್ಟೆ. ಕೇಳಬಾರದ ಸದ್ದು ಕೇಳಿತು. ಮರುದಿನ ನಿನ್ನನ್ನು ಎಳೆದುಕೊಂಡು, ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಹೃದಯದ ಡಾಕ್ಟರ ಬಳಿಗೆ ಹೋದೆ. ಅವರು ಸ್ಕ್ಯಾನ್ ಮಾಡಿ, ಹೃದಯದ ಗೋಡೆ ದಪ್ಪಗಾಗಿದೆ, ಓಡುವಾಗಲೇ ನಿಂತುಹೋಗಬಹುದು, ಇನ್ನು ಆಟ ಬೇಡ ಎಂದದ್ದು ನಮ್ಮಿಬ್ಬರಿಗೂ ಒಟ್ಟಿಗೇ ಕೇಳಿಸಿತ್ತು.

ಹೊರಗೆ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದೆ.

"ಯಾರಿಗೂ ಹೇಳ್ಬೇಡ ಕಣೋ. ಈ ಸೀಸನ್ ಒಂದು ಮುಗೀಲಿ."

"ನೀನೇ ಹೋಗಿ ಕೋಚ್‌ಗೆ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ," ಎಂದೆ.

ನೀನು ಹೇಳಲಿಲ್ಲ. ಶನಿವಾರದ ಪಂದ್ಯಕ್ಕೆ ಬೂಟು ಒರೆಸುತ್ತಾ ಕುಳಿತಿದ್ದನ್ನು ಕಂಡು ನಾನೇ ಹೇಳಿದೆ. ಕೋಚ್ ಎಲ್ಲ ಕೇಳಿಸಿಕೊಂಡರು. ನಿನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಹಾಗಾದ್ರೆ ನೀನು ರೆಡಿ ಇದ್ದೀಯಲ್ಲ?" ಎಂದರು, ಅಷ್ಟೇ.

ನಿನ್ನದೂ ನನ್ನದೂ ಒಂದೇ ಜಾಗ. ನೀನು ಆಡುವುದನ್ನು ಎರಡು ಸೀಸನ್ ಬೆಂಚಿನ ಮೇಲೆ ಕುಳಿತು ನೋಡಿದವನು ನಾನು. ನಿನಗೆ ಅಷ್ಟು ಸಾಕಾಯಿತು. ನೀನು ಎಲ್ಲರ ಮುಂದೆ ಹೇಳಿದೆ: "ಕಾಲಲ್ಲಿ ಆಗದ್ದನ್ನ ಕಿವಿಯಲ್ಲಿ ಮಾಡ್ಕೊಂಡ." ಹುಡುಗರು ನಕ್ಕರು. ಬೇರೆಯವರ ಬಗ್ಗೆ ಆಗಿದ್ದರೆ ನಾನೂ ನಗುತ್ತಿದ್ದೆ. ಆ ಶನಿವಾರ ನಾನೊಂದು ಗೋಲು ಹೊಡೆದೆ. ಅಪ್ಪಿಕೊಳ್ಳಲು ಯಾರೂ ಓಡಿಬರಲಿಲ್ಲ. ಆಮೇಲಂತೂ ನಾನು ಒಳಗೆ ಬಂದರೆ ಸಾಕು, ಊದಿದ ಪಾದಗಳೆಲ್ಲ ಗಡಿಬಿಡಿಯಲ್ಲಿ ಕಾಲುಚೀಲದೊಳಗೆ ಸೇರುತ್ತಿದ್ದವು. ಇನ್ನೊಬ್ಬನ ಅನ್ನಕ್ಕೆ ಕಲ್ಲು ಹಾಕಿಯಾನೆಂಬ ಭಯ. ಸೀಸನ್ ಮುಗಿದ ಮೇಲೆ ನಾನು ಮತ್ತೆ ಆ ಕಡೆ ಹೋಗಲಿಲ್ಲ.

ನಿನಗೆ ಬೇರೆ ಡಾಕ್ಟರು ಸಿಕ್ಕರು, ಬೇರೆ ತಂಡ ಸಿಕ್ಕಿತು. ಚೆನ್ನಾಗೇ ಆಡುತ್ತಿದ್ದಾನಲ್ಲ ಎಂದು ಜನ ನನ್ನ ಮುಖ ನೋಡುತ್ತಾರೆ. ನೀನು ಓಡುವಷ್ಟು ದಿನ ನಾನು ಸುಳ್ಳುಗಾರ. ಆ ಹೃದಯದ ಡಾಕ್ಟರನ್ನು ಮತ್ತೆ ಕೇಳಿದೆ; ಅವರ ಮಾತು ಬದಲಾಗಿಲ್ಲ. ಬಿಡು ಎಂದರೆ ಬಿಡುವವನಲ್ಲ ನೀನು. ಆದರೂ ಹೇಳುತ್ತೇನೆ, ಬಿಡು.

ಕೇಳದಿದ್ದರೆ ನಾನು ಸುಳ್ಳುಗಾರನಾಗಿಯೇ ಉಳಿಯುವಂತಾಗಲಿ. ನೀನು ಮುದುಕನಾಗು. ಹಲ್ಲೆಲ್ಲ ಉದುರಿಸಿಕೊಂಡು, ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ನನ್ನನ್ನು ಬಯ್ಯುತ್ತಿರು. ಮಗಳಿಗೆ ನನ್ನ ಆಶೀರ್ವಾದ ಹೇಳು.

ನಿನ್ನ,
ಡಾಕ್ಟ್ರು

ತಾ.ಕ.: ನಿನ್ನ ಮಾತಿಗೆ ಕೊರಗುತ್ತಿದ್ದೇನೆಂದು ತಿಳಿಯಬೇಡ, ಅದನ್ನು ಅವತ್ತೇ ನುಂಗಿಕೊಂಡೆ. ಆ ಶನಿವಾರ ಸಂಜೆ ನನ್ನ ಹೆಂಡತಿ ಕೆಸರಾದ ಜರ್ಸಿ ಒಗೆಯುತ್ತಿದ್ದಳು. ಗೋಲಿನ ಸುದ್ದಿ ಹೇಳಿದೆ. ತಿರುಗಿ ನೋಡದೆ ಕೇಳಿದಳು: "ಅವರು ಗೋಲ್‌ಕೀಪರ್ ಆಗಿದ್ದಿದ್ರೂ ನೀವು ಹೋಗಿ ಹೇಳ್ತಿದ್ರಾ?" ಹೇಳುತ್ತಿದ್ದೆ ಎಂದೆ. "ಸರಿ," ಎಂದು ಬಟ್ಟೆ ಹಿಂಡಿದಳು. ನಂಬಿದಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.